ನಾಲ್ಕೂವರೆ ಸರಪಳಿ ಗುಡ್ಡೆ

ಜಾಗ ತೋರಿಸುವಾಗ ಗುಡ್ಡೆಯ ತುದಿಯಿಂದ ಶುರು ಮಾಡಬೇಕು, ಗದ್ದೆಯಿಂದಲ್ಲ. ಪುತ್ತೂರಿನಲ್ಲಿ ಜಾಗದ ದಲ್ಲಾಳಿಯಾಗಿ ನಾನು ಮೊದಲ ವರ್ಷವೇ ಕಲಿತ ಪಾಠ ಇದು. ಗದ್ದೆಯಲ್ಲಿ ನಿಂತವರಿಗೆ ನಾವು ಹುಣಿ ಎನ್ನುವ ಬದು ಕುಸಿದದ್ದು, ಕೆಸರು, ಏಡಿ ಕೊರೆದ ತೂತು ಮೊದಲು ಕಾಣುತ್ತದೆ. ತುದಿಯಲ್ಲಿ ನಿಂತವರಿಗೆ ಗಾಳಿ ತಾಗುತ್ತದೆ, ಹತ್ತಿ ಬಂದ ಆಯಾಸ ಇಳಿಯುತ್ತದೆ, ಕೆಳಗಿರುವುದೆಲ್ಲ ಒಟ್ಟಾಗಿ ಚಂದ ಕಾಣುತ್ತದೆ. ಅಲ್ಲಿ ನಿಂತು ಕೈ ಬೀಸಿ ಗಡಿ ತೋರಿಸಿದರೆ ಆಮೇಲೆ ಬೆಲೆ ಹೇಳುವುದು ಸುಲಭ.

ಸಬ್ ರಿಜಿಸ್ಟ್ರಾರರ ಕಚೇರಿಯ ಎದುರಿನ ಹೋಟೆಲಿನ ಹೊರಬೆಂಚೇ ನನ್ನ ಕಚೇರಿ. ಒಂದು ಕೊಡೆ, ಒಂದು ಬಟ್ಟೆಚೀಲ, ಚೀಲದಲ್ಲಿ ಸರ್ವೆ ನಂಬರು ಬರೆದಿಟ್ಟ ಒಂದು ಪುಸ್ತಕ. ಪುತ್ತೂರು ಆಗ ದಿನದಿನಕ್ಕೂ ಬೆಳೆಯುತ್ತಿದ್ದ ಪೇಟೆ. ಕೋರ್ಟು, ತಾಲೂಕು ಕಚೇರಿ, ಅಡಿಕೆ ಮಂಡಿ, ಬಸ್ಸು ಎಲ್ಲವೂ ಒಂದರ ಮೈಮೇಲೆ ಒಂದು ಬಿದ್ದ ಹಾಗಿದ್ದವು. ಸುಳ್ಯದವರೂ ಕಡಬದವರೂ ಕಾಗದಪತ್ರದ ಕೆಲಸಕ್ಕೆ ಅಲ್ಲಿಗೇ ಬರಬೇಕು. ನನ್ನಂಥ ದಲ್ಲಾಳಿಗಳು ಆರೇಳು ಮಂದಿ ಇದ್ದೆವು. ಅವರಲ್ಲಿ ನನಗೊಂದು ಹೆಸರು ಇತ್ತು, ಸುಳ್ಳು ಹೇಳದವ ಎಂದು. ದೋಸೆ ಹೇಗುಂಟು ಎಂದು ಕೇಳಿದರೂ ಈ ಮನುಷ್ಯ ಪುಸ್ತಕ ತೆರೆದು ನೋಡಿಯೇ ಉತ್ತರ ಕೊಡುವುದು ಎಂದು ಹೋಟೆಲಿನವರು ತಮಾಷೆ ಮಾಡುತ್ತಿದ್ದರು. ಆ ತಮಾಷೆ ಕೇಳಿ ನಾನು ಒಳಗೊಳಗೇ ಉಬ್ಬುತ್ತಿದ್ದೆ. ಬಾಯಿಂದ ಬಂದ ಮಾತಿನಲ್ಲಿ ತಪ್ಪು ಇರಬಾರದು, ಅಷ್ಟು ನನಗೆ ಸಾಕಿತ್ತು. ಹೇಳದೆ ಬಿಟ್ಟದ್ದನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಯೋಚಿಸುತ್ತಿರಲಿಲ್ಲ.

ರಾಜ್ಯಗಳು ಬೇರೆಯಾಗಿ, ಕಾಸರಗೋಡು ಆಚೆಗೂ ನಾವು ಈಚೆಗೂ ಆದ ಮೇಲಿನ ಒಂದೆರಡು ವರ್ಷಗಳಲ್ಲಿ, ತಿರುವಾಂಕೂರು ಕಡೆಯ ಕ್ರೈಸ್ತ ಕುಟುಂಬಗಳು ನಮ್ಮಲ್ಲಿಗೆ ಜಾಗ ಹುಡುಕಿಕೊಂಡು ಬರುವುದು ಹೆಚ್ಚಾಯಿತು. ನಾನು ಬೆಳೆದದ್ದು ಅಜ್ಜಾವರದಲ್ಲಿ, ತಾಯಿಯ ತವರು ಗಡಿಯಾಚೆ. ಮಲಯಾಳ ನನಗೆ ಮನೆಯ ಮಾತಿನಷ್ಟೇ ಸಲೀಸು. ಹಾಗಾಗಿ ಬಸ್ಸಿಳಿದು ಸುತ್ತ ನೋಡುತ್ತ ನಿಂತ ಮಲಯಾಳಿಗಳನ್ನು ಹೋಟೆಲಿನವರು ನೇರ ನನ್ನ ಬೆಂಚಿಗೆ ಕಳುಹಿಸುತ್ತಿದ್ದರು.

ಹಾಗೆ ಬಂದವರು ಈ ಗಂಡಹೆಂಡತಿ. ಗಂಡನಿಗೆ ಐವತ್ತರ ಹತ್ತಿರ, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ನಾನು ಅವರನ್ನು ಚೇಟ ಎಂದೂ ಅವರ ಹೆಂಡತಿಯನ್ನು ಚೇಚಿ ಎಂದೂ ಕರೆದೆ. ಮಲಯಾಳದಲ್ಲಿ ಅಣ್ಣ, ಅಕ್ಕ ಎಂದ ಹಾಗೆ. ಅವರು ನನ್ನನ್ನು ಸಾರ್ ಎಂದು ಕರೆದರು. ಊರಿನ ಮನೆಯನ್ನೂ ಇದ್ದ ಚೂರು ಜಾಗವನ್ನೂ ಮಾರಿ, ಮೂವರು ಮಕ್ಕಳನ್ನು ಚೇಚಿಯ ಅಣ್ಣನ ಮನೆಯಲ್ಲಿ ಬಿಟ್ಟು ಬಂದಿದ್ದರು. ಹಿಂದೆ ಹೋಗಲು ಅಲ್ಲಿ ಒಂದು ಗೇಣು ನೆಲ ಉಳಿದಿರಲಿಲ್ಲ. ಚೇಟ ಇಪ್ಪತ್ತು ವರ್ಷ ಬೇರೆಯವರ ರಬ್ಬರು ತೋಟದಲ್ಲಿ ಹಾಲು ತೆಗೆದವರು. ತನ್ನದೇ ಒಂದು ರಬ್ಬರು ತೋಟ ಆಗಬೇಕು, ಅದಕ್ಕೆ ಗುಡ್ಡೆ ಇರುವ ಜಾಗವೇ ಬೇಕು ಎಂದು ಮೊದಲ ದಿನ ಬೆಂಚಿನಲ್ಲಿ ಕೂತಾಗಲೇ ಹೇಳಿದರು. ಮುಂದೆ ಏನು ನಡೆಯಿತೋ ಅದಕ್ಕೆ, ಗುಡ್ಡೆ ಬೇಕಾದದ್ದು ರಬ್ಬರಿಗೆ ಎಂದು ನನಗೆ ಗೊತ್ತಿರಲಿಲ್ಲ ಎನ್ನಲು ದಾರಿಯಿಲ್ಲ.

ಮೊದಲು ಸವಣೂರಿನ ಹತ್ತಿರ ಒಂದು ಜಾಗ ತೋರಿಸಿದೆ. ಅವರಿಗೆ ಮನಸ್ಸಾಯಿತು. ಆದರೆ ವಿಭಾಗ ಪತ್ರ ತರಿಸಿ ಓದಿದಾಗ, ಮಾರುವವರ ತೀರಿಹೋದ ತಮ್ಮನ ಮಕ್ಕಳಿಗೂ ಅದರಲ್ಲಿ ಪಾಲು ಇರುವುದು ಕಂಡಿತು. ಮಕ್ಕಳು ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲ. ನಾಳೆ ಅವರು ದೊಡ್ಡವರಾಗಿ ಕೋರ್ಟಿಗೆ ಹೋದರೆ ನೀವು ಸಿಕ್ಕಿಬೀಳುತ್ತೀರಿ ಎಂದು ಹೇಳಿ ನಾನೇ ಆ ವ್ಯಾಪಾರ ಬಿಡಿಸಿದೆ. ಎರಡನೆಯದು ಸುಳ್ಯದ ಕಡೆ. ಅಲ್ಲಿ ಕಾಗದ ಸರಿ ಇತ್ತು, ನೀರು ಬೇಸಗೆಗೆ ಮುಟ್ಟುವಷ್ಟು ಇರಲಿಲ್ಲ. ಬಾವಿಯ ಕಲ್ಲಿನ ಮೇಲಿನ ಕಲೆ ತೋರಿಸಿ, ನೀರು ಎಲ್ಲಿಯವರೆಗೆ ಇಳಿಯುತ್ತದೆ ಎಂದು ವಿವರಿಸಿದೆ. ಹಿಂದೆ ಬರುವಾಗ ಬಸ್ಸಿನಲ್ಲಿ ಚೇಟ ಹೆಂಡತಿಗೆ ಹೇಳಿದ್ದು ನನಗೂ ಕೇಳಿತು. ಪರವೂರಿನಲ್ಲಿ ಇಂಥವರು ಸಿಕ್ಕಿದ್ದು ನಮ್ಮ ಪ್ರಾರ್ಥನೆಯ ಫಲ ಎಂದರು. ನನಗೆ ಸಂತೋಷವಾಯಿತು. ಎರಡು ಸಲ ನಷ್ಟ ಮಾಡಿಕೊಂಡು ಸಂಪಾದಿಸಿದ ನಂಬಿಕೆ ಅದು, ಮೂರನೆಯ ಸಲಕ್ಕೆ ಅದನ್ನು ಖರ್ಚು ಮಾಡಿದೆ.

ಮೂರನೆಯ ಜಾಗ ಪೆರಾಬೆಯಲ್ಲಿ. ಸವಣೂರಿನ ತನಕ ಬಸ್ಸು, ಆಮೇಲೆ ನಡಿಗೆ, ಕುಮಾರಧಾರೆಗೆ ದೋಣಿ, ಮತ್ತೆ ನಡಿಗೆ. ಮಾರುವವರು ಊರಿನ ಧಣಿಗಳು. ಎರಡು ಎಕ್ರೆ ಚಿಲ್ಲರೆ ಗದ್ದೆ, ಅದರ ಬದಿಗೆ ಸ್ವಲ್ಪ ಅಡಿಕೆ, ಒಂದು ಹುಲ್ಲಿನ ಮನೆ, ಬೇಸಗೆಯಲ್ಲೂ ನೀರು ಹರಿಯುವ ಒಂದು ತೋಡು. ಮನೆಯ ಹಿಂದಿನಿಂದ ಎದ್ದ ಗುಡ್ಡೆ. ಮಣ್ಣು ಕೆಂಪು, ಕಲ್ಲು ಕಡಿಮೆ, ಇಳಿಜಾರು ಮೆತ್ತಗೆ. ರಬ್ಬರಿಗೆ ಹೇಳಿ ಮಾಡಿಸಿದ ಗುಡ್ಡೆ.

ನಮ್ಮ ಜಿಲ್ಲೆಯ ಕ್ರಮ ಗೊತ್ತಿಲ್ಲದವರಿಗೆ ಆ ಗುಡ್ಡೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತೀರ್ವೆ, ಅಂದರೆ ಕಂದಾಯ, ಕಟ್ಟುವ ಸ್ವಂತ ಭೂಮಿಗೆ ಇಲ್ಲಿ ವರ್ಗ ಎನ್ನುತ್ತಾರೆ. ವರ್ಗದ ಅಂಚಿನಿಂದ ಹೊರಗೆ ನಾನೂರೈವತ್ತು ಲಿಂಕು, ಅಂದರೆ ಅಳೆಯುವವರ ನಾಲ್ಕೂವರೆ ಸರಪಳಿ ದೂರದವರೆಗಿನ ಸರಕಾರಿ ಗುಡ್ಡೆಯಲ್ಲಿ ಆ ವರ್ಗದವರಿಗೆ ಕುಮ್ಕಿ ಹಕ್ಕು ಇರುತ್ತದೆ. ಗೊಬ್ಬರಕ್ಕೆ ಸೊಪ್ಪು ಕಡಿಯಬಹುದು, ದನ ಮೇಯಿಸಬಹುದು, ಸೌದೆ ತರಬಹುದು. ಅಗೆದು ತೋಟ ಮಾಡುವ ಹಾಗಿಲ್ಲ. ಮಾಡಬೇಕಾದರೆ ದರ್ಖಾಸ್ತು ಕೊಟ್ಟು ಸರಕಾರದಿಂದ ಮಂಜೂರು ಮಾಡಿಸಿಕೊಳ್ಳಬೇಕು. ಆದರೆ ನಾಲ್ಕು ತಲೆಮಾರು ಸೊಪ್ಪು ಕಡಿದವರ ಬಾಯಲ್ಲಿ ಅದು ನಮ್ಮ ಗುಡ್ಡೆಯೇ. ಕೊಳ್ಳುವವರು ಊರಿನವರಾದರೆ ಯಾರೂ ವಿವರಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಚೇಟನ ಊರಿನಲ್ಲಿ ಇಂಥ ಕ್ರಮವೇ ಇಲ್ಲ.

ಪಾಠದ ಪ್ರಕಾರ ನಾನು ಅವರನ್ನು ಮೊದಲು ತುದಿಗೆ ಹತ್ತಿಸಿದೆ. ಧಣಿಗಳೂ ಬಂದರು. ಚೇಟ ಒಂದು ಕೋಲಿನಿಂದ ಅಲ್ಲಲ್ಲಿ ಕುತ್ತಿ, ಮಣ್ಣು ಕೈಗೆ ತೆಗೆದು ಹಿಂಡಿ ನೋಡಿದರು. ಆಮೇಲೆ ಇಳಿಜಾರಿಗೆ ಅಡ್ಡವಾಗಿ ಹೆಜ್ಜೆ ಅಳೆಯುತ್ತ ನಡೆದರು. ಒಂದು ಗಿಡಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ, ಸಾಲು ಎಲ್ಲಿಂದ ಶುರು, ಮೆಟ್ಟಿಲು ಎಲ್ಲಿ ಕಡಿಯಬೇಕು ಎಂದು ನನಗೆ ಮಲಯಾಳದಲ್ಲಿ ಒಂದೊಂದೇ ಹೇಳಿದರು. ಏಳು ವರ್ಷ ಹೊಟ್ಟೆ ಕಟ್ಟಿದರೆ ಎಂಟನೇ ವರ್ಷ ಹಾಲು ತೆಗೆಯಬಹುದು, ಅಷ್ಟರಲ್ಲಿ ದೊಡ್ಡ ಮಗ ಕೈಗೆ ಬರುತ್ತಾನೆ ಎಂದರು.

ಧಣಿಗಳಿಗೆ ಮಲಯಾಳ ಅಷ್ಟು ಬಾರದು. ಅವರು ಸುತ್ತ ನೋಡಿ, "ಅಜ್ಜನ ಕಾಲದಿಂದ ನಮ್ಮದೇ ಗುಡ್ಡೆ ಇದು. ಯಾರ ತಕರಾರೂ ಇಲ್ಲ ಅಂತ ಹೇಳು ಮಾರಾಯ" ಎಂದರು. ನಾನು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಅದನ್ನು ಮಲಯಾಳಕ್ಕೆ ತಿರುಗಿಸಿದೆ. ಅವರು ಮೋಸ ಮಾಡಬೇಕೆಂದು ಹಾಗೆ ಹೇಳಿದರು ಎಂದು ನಾನು ಈಗಲೂ ಹೇಳಲಾರೆ. ಅವರು ಊರಿನ ಮಾತು ಆಡಿದರು. ಅದರ ಅರ್ಥ ಏನೆಂದು ಎರಡೂ ಕಡೆಯಿಂದ ತಿಳಿದಿದ್ದವನು ಅಲ್ಲಿ ನಾನೊಬ್ಬನೇ. ಚೇಟ ಗಿಡದ ಅಂತರ ಹೇಳುವಾಗಲೇ ನನ್ನ ಬಾಯಿ ತೆರೆಯಬೇಕಿತ್ತು. ತೆರೆದರೆ ವ್ಯಾಪಾರ ಮುರಿಯುತ್ತದೆ, ಎರಡು ಬಿಟ್ಟಾಗಿದೆ, ಮೂರನೆಯದೂ ಹೋದರೆ ಇವರು ಬೇರೆ ದಲ್ಲಾಳಿಯ ಬೆಂಚಿಗೆ ಹೋಗುತ್ತಾರೆ ಎಂದು ಅನಿಸಿತು. ಹೇಗೂ ಎಲ್ಲರೂ ಕುಮ್ಕಿಗೆ ಒಂದು ದಿನ ದರ್ಖಾಸ್ತು ಹಾಕುತ್ತಾರೆ, ಇವರೂ ಹಾಕಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇಳಿದು ಬರುವಾಗ ಚೇಚಿ ನನ್ನ ಹಿಂದೆಯೇ ಇದ್ದರು. ಅವರು ಕಡಿಮೆ ಮಾತಿನವರು. ತೋಡಿನ ಹತ್ತಿರ ನಿಂತು, "ಈ ಗುಡ್ಡೆಯೂ ಕಾಗದದಲ್ಲಿ ಉಂಟಲ್ವಾ ಸಾರ್?" ಎಂದು ಕೇಳಿದರು.

"ಕಾಗದದಲ್ಲಿ ಉಂಟು" ಎಂದೆ.

ಅದು ಸುಳ್ಳಲ್ಲ. ವರ್ಗದ ಕಾಗದದಲ್ಲಿ ಕುಮ್ಕಿ ಹಕ್ಕು ಸಹಿತ ಎಂದು ಒಂದು ಸಾಲು ಯಾವಾಗಲೂ ಇರುತ್ತದೆ. ಚೇಚಿ ತಲೆ ಆಡಿಸಿದರು, ಸೀರೆಯ ಅಂಚು ಎತ್ತಿ ತೋಡು ದಾಟಿದರು. ಸುಳ್ಳು ಹೇಳದೆ ಉತ್ತರ ಕೊಟ್ಟೆನಲ್ಲ ಎಂದು ಆ ಕ್ಷಣ ನನಗೆ ನನ್ನ ಜಾಣತನದ ಮೇಲೆ ಮೆಚ್ಚುಗೆಯೇ ಆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಕರಾರು ಆಯಿತು. ಶಾನುಭೋಗರಲ್ಲಿಗೆ ಹೋಗಿ ಸರ್ವೆ ನಂಬರು, ತೀರ್ವೆ ಎಲ್ಲ ತಾಳೆ ನೋಡಿದೆ. ಅಡವು, ಹಿಂದಿನ ಮಾರಾಟ ಏನಾದರೂ ಇದೆಯೇ ಎಂದು ರಿಜಿಸ್ಟ್ರಿ ಕಚೇರಿಯಲ್ಲಿ ಹುಡುಕಿಸಿದೆ. ಗದ್ದೆಯ ಗಡಿಕಲ್ಲುಗಳನ್ನು ಮಣ್ಣು ಕೆದಕಿ ಒಂದೊಂದಾಗಿ ಚೇಟನಿಗೆ ಮುಟ್ಟಿಸಿ ತೋರಿಸಿದೆ. ಮಾಡಬೇಕಾದ ಕೆಲಸವನ್ನೆಲ್ಲ ಇಷ್ಟು ಶುದ್ಧವಾಗಿ ಮಾಡಿದ್ದು ನನ್ನ ಜೀವಮಾನದಲ್ಲಿ ಬೇರೆ ಇರಲಿಕ್ಕಿಲ್ಲ. ಒಂದು ಕಡೆ ಕಳ್ಳತನ ಇದ್ದುದರಿಂದ ಉಳಿದ ಕಡೆಯೆಲ್ಲ ಜಾಸ್ತಿ ಉಜ್ಜಿ ತೊಳೆದೆ ಎಂದು ಕಾಣುತ್ತದೆ.

ರಿಜಿಸ್ಟ್ರಿಯ ದಿನ ಪತ್ರ ಬರೆಯುವವರು ಕ್ರಯಪತ್ರವನ್ನು ಕನ್ನಡದಲ್ಲಿ ಓದಿದರು, ನಾನು ಸಾಲುಸಾಲಾಗಿ ಮಲಯಾಳದಲ್ಲಿ ಹೇಳುತ್ತ ಹೋದೆ. ಮರಮಟ್ಟು, ನೀರಿನ ದಾರಿ, ನಡೆಯುವ ದಾರಿ ಎಂದೆಲ್ಲ ಆದ ಮೇಲೆ ಆ ಸಾಲು ಬಂತು. ಕುಮ್ಕಿ ಹಕ್ಕು ಸಹಿತ. ಅದಕ್ಕೆ ಮಾತ್ರ ವಿವರಣೆ ಸೇರಿಸದೆ ಹಾಗೆಯೇ ಹೇಳಿ ಮುಂದಿನ ಸಾಲಿಗೆ ಹೋದೆ. ಚೇಟ ಎಲ್ಲ ಸಾಲಿಗೂ ತಲೆ ಆಡಿಸಿದ ಹಾಗೆ ಅದಕ್ಕೂ ಆಡಿಸಿದರು, ಹೆಬ್ಬೆಟ್ಟು ಬೇಡ ಎಂದು ಹೇಳಿ ಮಲಯಾಳದಲ್ಲಿ ದೊಡ್ಡ ದೊಡ್ಡ ಅಕ್ಷರದ ರುಜು ಹಾಕಿದರು. ಆಮೇಲೆ ಹೋಟೆಲಿನಲ್ಲಿ ನಾನೇ ಕಾಫಿ ತರಿಸಿದೆ.

ಮಕ್ಕಳು ಬಂದರು. ಆ ಬೇಸಗೆ ಪೂರ್ತಿ ಐದು ಜನವೂ ಗುಡ್ಡೆ ಕಡಿದರು. ಮಳೆಗಾಲ ಶುರುವಾಗುವಾಗ ಊರಿನಿಂದ ತರಿಸಿದ ಐನೂರು ರಬ್ಬರು ಸಸಿ ನೆಟ್ಟು, ಸುತ್ತ ಮುಳ್ಳಿನ ಬೇಲಿ ಹಾಕಿದರು. ಪೆರಾಬೆಯಲ್ಲಿ ರಬ್ಬರು ಗಿಡ ಹೇಗಿರುತ್ತದೆ ಎಂದು ನೋಡಲಿಕ್ಕೇ ಜನ ಬರುತ್ತಿದ್ದರಂತೆ. ನಾನು ಒಮ್ಮೆ ಹೋಗಿ ನೋಡಿ ಬಂದೆ. ಎಲೆ ಬಿಟ್ಟು ನಿಂತ ಸಾಲುಗಳು ಗೆರೆ ಎಳೆದ ಹಾಗೆ ನೇರವಾಗಿದ್ದವು. ಚೇಚಿ ಬೆಲ್ಲದ ಕಪ್ಪು ಕಾಫಿ, ಬೇಯಿಸಿದ ಮರಗೆಣಸು ಕೊಟ್ಟರು. ಎರಡನ್ನೂ ಮುಗಿಸಿ, ಸಾಲು ಚಂದ ಬಂದಿದೆ ಎಂದಷ್ಟೇ ಹೇಳಿ ಎದ್ದೆ.

ಗುಡ್ಡೆಯ ಆಚೆ ಬದಿಯಲ್ಲಿ ಇನ್ನೊಬ್ಬರ ವರ್ಗ ಇತ್ತು. ಅವರ ಮನೆಯವರು ತುದಿಯ ತನಕ ಬಂದು ಸೊಪ್ಪು ಕಡಿಯುವವರು. ಬೇಲಿ ಬಿದ್ದದ್ದರಿಂದ ಅವರ ದಾರಿ ಕಟ್ಟಿಹೋಯಿತು. ಅವರು ಪಟೇಲರಿಗೆ ದೂರು ಕೊಟ್ಟರು. ಪಟೇಲರು, ಶಾನುಭೋಗರು ವರದಿ ಬರೆದರು. ಮರು ವರ್ಷ ಮಳೆ ಬಿಟ್ಟಾಗ ಚೇಟನಿಗೆ ತಾಲೂಕು ಕಚೇರಿಯಿಂದ ಬಿ ಮೆಮೊ ಬಂತು. ಸರಕಾರಿ ಜಾಗ ಅತಿಕ್ರಮಣ ಮಾಡಿದ್ದಕ್ಕೆ ದಂಡ ಮತ್ತು ತೆರವಿನ ನೋಟೀಸು.

ಆ ಕಾಗದ ಹಿಡಿದುಕೊಂಡು ಚೇಟ ನನ್ನ ಬೆಂಚಿಗೆ ಬಂದರು. ಸಿಟ್ಟಿರಲಿಲ್ಲ. ಇದರಲ್ಲಿ ಏನು ಬರೆದಿದ್ದಾರೆ ಎಂದು ಕೇಳಿದರು. ಹೇಳಿದೆ. ಆಗ ಮೊದಲ ಸಲ ಕುಮ್ಕಿ ಎಂದರೆ ಏನೆಂದು, ಕಾನೂನಿನ ಮಾತುಗಳ ಒಳಗೆ ಸುತ್ತಿ ಸುತ್ತಿ ವಿವರಿಸಿದೆ. ಅವರು ಬಹಳ ಹೊತ್ತು ಕೇಳಿದರು. "ಇದನ್ನು ನೀವು ಅವತ್ತೇ ಹೇಳಿದ್ದಿರಾ ಸಾರ್? ನನಗೆ ತಿಳಿಯದೆ ಹೋಯಿತಾ?" ಎಂದರು.

ಪತ್ರದಲ್ಲಿ ಇತ್ತಲ್ಲ, ಓದಿ ಹೇಳಿದ್ದೆನಲ್ಲ ಎಂದೆ. ಅವರು ಹಣೆಗೆ ಮೆಲ್ಲಗೆ ಬಡಿದುಕೊಂಡು, ಅಷ್ಟು ಕಾಗದದ ನಡುವೆ ತನ್ನ ತಲೆಗೆ ಹೋಗಲಿಲ್ಲ ಎಂದರು.

ಆಮೇಲೆ ನಾನು ಓಡಾಡಿದ್ದು ನಿಜ. ಅವರ ಹೆಸರಿನಲ್ಲಿ ದರ್ಖಾಸ್ತು ಬರೆಸಿದೆ, ತಾಲೂಕು ಕಚೇರಿಗೆ ಹತ್ತು ಸಲ ಹತ್ತಿಳಿದೆ, ನನ್ನ ಬೇರೆ ಕೆಲಸ ಬಿಟ್ಟೆ. ಕೊನೆಗೆ ಸ್ಥಳ ತನಿಖೆ ನಿಗದಿಯಾಯಿತು. ರೆವಿನ್ಯೂ ಇನ್ಸ್‌ಪೆಕ್ಟರು, ಅಳೆಯುವವರು, ಪಟೇಲರು, ಶಾನುಭೋಗರು, ಊರಿನ ಸರಕಾರಿ ಚಾಕರಿಯ ಉಗ್ರಾಣಿ, ಆಚೆ ಬದಿಯ ವರ್ಗದವರು, ಧಣಿಗಳು, ನೋಡಲು ಬಂದ ಊರವರು, ಎಲ್ಲ ಸೇರಿ ಇಪ್ಪತ್ತು ಮಂದಿಯಾದರೂ ಇದ್ದರು.

ಗದ್ದೆಯ ಅಂಚಿನ ಕಲ್ಲಿನಿಂದ ಸರಪಳಿ ಹಿಡಿದರು. ಉಗ್ರಾಣಿ ಮುಂದಿನ ತುದಿ ಎಳೆದುಕೊಂಡು ಸಸಿಗಳ ನಡುವೆ ಹತ್ತಿದ. ಒಂದು ಸರಪಳಿ, ಎರಡು, ಮೂರು, ನಾಲ್ಕು. ಕೊನೆಯ ಅರ್ಧ ಸರಪಳಿ ಎಳೆದು ಗೂಟ ಹೊಡೆದಾಗ ನಾನು ತಲೆ ಎತ್ತಿ ನೋಡಿದೆ. ಗೂಟದ ಕೆಳಗೆ ಇದ್ದದ್ದಕ್ಕಿಂತ ಹೆಚ್ಚು ಸಾಲು ಅದರ ಮೇಲೆ ಇದ್ದವು. ಮೇಲಿನದು ಪೂರ್ತಿ ಆಚೆ ಬದಿಯವರ ಕುಮ್ಕಿಗೆ ಬೀಳುತ್ತದೆ. ನಾನು ಅವತ್ತು ತುದಿಯಲ್ಲಿ ನಿಂತು ಕೈ ಬೀಸಿ ತೋರಿಸಿದ್ದು ಸ್ವಂತದ್ದಲ್ಲ, ಕುಮ್ಕಿಯೂ ಅಲ್ಲ.

ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ. ಗುಡ್ಡೆ ಇಳಿಯುವಾಗ ಅವರು ನನ್ನೊಡನೆ ಮಾತಾಡಿದರು. ಮೇಲಿನದನ್ನು ಉಳಿಸಲು ಆಗುವುದಿಲ್ಲ. ಆದರೆ ಪರವೂರಿನವರು ಗೊತ್ತಿಲ್ಲದೆ ತಮ್ಮದೆಂದು ನಂಬಿ ಕೊಂಡು ಕೃಷಿ ಮಾಡಿದ್ದಾರೆ ಎಂದು ಕಂಡುಬಂದರೆ ಗೂಟದ ಕೆಳಗಿನದನ್ನು ಅವರಿಗೇ ಮಂಜೂರು ಮಾಡಬಹುದು ಎಂದು ತಾನು ಬರೆಯಬಹುದು. ಗೊತ್ತಿದ್ದೂ ನುಗ್ಗಿದವರಾದರೆ ಹಾಗೆ ಬರೆಯಲು ತನ್ನಿಂದ ಆಗದು. ಕೆಳಗಿನ ಇನ್ನೂರು ಗಿಡ ಉಳಿಯುವುದೂ ಹೋಗುವುದೂ ನನ್ನ ಒಂದು ಹೇಳಿಕೆಯ ಮೇಲೆ ನಿಂತಿತು.

ಅಷ್ಟರಲ್ಲಿ ಧಣಿಗಳು ನನ್ನನ್ನು ಬದಿಗೆ ಕರೆದರು. "ಹೇಳಿಲ್ಲ ಅಂತ ನೀನು ಹೇಳಿದ್ರೆ ನಾನು ಮೋಸಗಾರ ಆಗ್ತೇನೆ, ನೀನೂ ಆಗ್ತಿ. ಮತ್ತೆ ಪುತ್ತೂರಲ್ಲಿ ಯಾರು ಮಾರಾಯ ನಿನ್ನತ್ರ ಜಾಗ ಕೊಡುದು?" ಎಂದರು. ಬೆದರಿಕೆಯ ಧ್ವನಿಯಲ್ಲ, ಉಪಕಾರ ಮಾಡುವವರ ಧ್ವನಿ.

ಚೇಟನ ಮನೆಯ ಅಂಗಳದಲ್ಲಿ ಮಹಜರು ಬರೆಯಲು ಕೂತರು. ಇನ್ಸ್‌ಪೆಕ್ಟರು ನನ್ನನ್ನು ಕೇಳಿದರು, "ಗುಡ್ಡೆ ಸರಕಾರದ್ದು, ನೆಡ್ಲಿಕ್ಕೆ ಆಗುದಿಲ್ಲ ಅಂತ ಇವರಿಗೆ ನೀವು ಹೇಳಿದ್ದೀರಾ?"

ಸುತ್ತ ಇಪ್ಪತ್ತು ಮಂದಿ ನಿಂತಿದ್ದರು. ಅವರಲ್ಲಿ ಹತ್ತು ಮಂದಿಯಾದರೂ ಸುಳ್ಳು ಹೇಳದವ ಎಂದು ನನ್ನ ಬೆಂಚಿಗೆ ಬಂದವರು. ಇಲ್ಲ ಎಂದರೆ ಸತ್ಯ, ಆದರೆ ಆ ಹೆಸರು ಅಲ್ಲಿಗೆ ಮುಗಿಯುತ್ತದೆ. ಹೆಸರು ಉಳಿಸಿಕೊಳ್ಳಲು ಸುಳ್ಳು ಹೇಳಬೇಕು. ಹೆಚ್ಚು ಹೊತ್ತು ಯೋಚಿಸಲಿಲ್ಲ.

"ಹೇಳಿದ್ದೇನೆ" ಎಂದೆ.

ಅವರನ್ನೂ ಕೇಳಿ ಎಂದರು ಇನ್ಸ್‌ಪೆಕ್ಟರು. ಅಲ್ಲಿ ಮಲಯಾಳ ಚೆನ್ನಾಗಿ ಬರುವವನು ನಾನೊಬ್ಬನೇ. ನನ್ನ ಸುಳ್ಳಿನ ಬಗೆಗಿನ ಪ್ರಶ್ನೆಯನ್ನು ನಾನೇ ಚೇಟನಿಗೆ ತಿರುಗಿಸಿ ಹೇಳಬೇಕಾಯಿತು. ಹೇಳಿದೆ. ಅವರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಸ್ವಲ್ಪ ಕನ್ನಡ ಕಲಿತಿದ್ದರು. ನನಗೆ ಉತ್ತರ ಕೊಡದೆ ನೇರ ಇನ್ಸ್‌ಪೆಕ್ಟರ ಕಡೆ ತಿರುಗಿ, "ಇವರು ಹೇಳಿರಬಹುದು ಸಾರ್. ಇವರು ಸುಳ್ಳು ಹೇಳುದಿಲ್ಲ. ನನಗೆ ತಿಳಿಲಿಲ್ಲ" ಎಂದರು.

ಬಾಗಿಲಿನ ಪಕ್ಕ ಚೇಚಿ ನಿಂತಿದ್ದರು. ನಾನು ಆ ಕಡೆ ನೋಡಲಿಲ್ಲ. ಮಹಜರಿನಲ್ಲಿ ತಿಳಿಸಲಾಗಿತ್ತು ಎಂದು ಬರೆದರು. ನಾನು ಸಾಕ್ಷಿ ರುಜು ಹಾಕಿದೆ.

ಎರಡು ತಿಂಗಳಲ್ಲಿ ಹುಕುಂ ಬಂತು. ದರ್ಖಾಸ್ತು ವಜಾ, ಮೇಲಿನದೂ ಕೆಳಗಿನದೂ ತೆರವು. ಉಗ್ರಾಣಿ ಬರುವ ಮೊದಲೇ ಚೇಟ ತಾನೇ ಕಿತ್ತರಂತೆ. ಬೇರು ಹರಿಯದ ಹಾಗೆ ಅಗೆದು ತೆಗೆದು, ಮನೆಯ ಸುತ್ತ ಗದ್ದೆಯ ಬದಿಯಲ್ಲಿ ಎಲ್ಲಿ ಸ್ವಂತ ನೆಲ ಇದೆಯೋ ಅಲ್ಲೆಲ್ಲ ಒತ್ತೊತ್ತಾಗಿ ನೆಟ್ಟು ನೋಡಿದರು. ಅಷ್ಟು ದೊಡ್ಡದಾದ ಮೇಲೆ ಕಿತ್ತು ನೆಟ್ಟರೆ ಬದುಕುವುದಿಲ್ಲ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮೂವತ್ತೋ ನಲವತ್ತೋ ಚಿಗುರಿದವು. ಎರಡು ಎಕ್ರೆ ಗದ್ದೆಯಲ್ಲಿ ಐದು ಹೊಟ್ಟೆ ನಡೆಯದು ಎಂದು ಅವರು ನೆಲ್ಯಾಡಿ ಕಡೆಯ ಒಂದು ರಬ್ಬರು ತೋಟದಲ್ಲಿ ಹಾಲು ತೆಗೆಯುವ ಕೆಲಸಕ್ಕೆ ಸೇರಿದರು. ಇಪ್ಪತ್ತು ವರ್ಷ ಯಾವ ಕೆಲಸ ಬಿಡಬೇಕೆಂದು ಕಷ್ಟಪಟ್ಟರೋ ಅದೇ ಕೆಲಸ.

ನಾನು ಧೈರ್ಯ ಮಾಡಿ ಪೆರಾಬೆಗೆ ಹೋಗುವಾಗ ಅವರು ಕೆಲಸಕ್ಕೆ ಹೋಗಿದ್ದರು. ಚೇಚಿ ಯಾವತ್ತಿನಂತೆ ಕಪ್ಪು ಕಾಫಿ ಕೊಟ್ಟರು. ಲೋಟ ಕೆಳಗಿಟ್ಟ ಮೇಲೆ ಹೇಳಿದರು, "ಕಾಗದದಲ್ಲಿ ಉಂಟು ಅಂತ ನೀವು ತೋಡಿನ ಹತ್ತಿರ ಹೇಳಿದ್ದು ನನಗೆ ನೆನಪುಂಟು. ನಾನು ಇವರಿಗೆ ಹೇಳಲಿಲ್ಲ. ಈ ಊರಲ್ಲಿ ನಂಬ್ಲಿಕ್ಕೆ ಅಂತ ಇವರಿಗೆ ಇರುದು ನೀವೊಬ್ಬರೇ. ಅದೂ ಹೋದರೆ ಇವರು ಇಲ್ಲಿ ನಿಲ್ಲುದಿಲ್ಲ. ನಮಗೆ ಹೋಗ್ಲಿಕ್ಕೆ ಬೇರೆ ಊರಿಲ್ಲ." ನಾನು ಕ್ಷಮೆ ಕೇಳಲು ಹೊರಟೆ. ಅವರು ಲೋಟ ತೆಗೆದುಕೊಂಡು ಒಳಗೆ ಹೋದರು.

ಅಲ್ಲಿಂದ ನಾನು ಕ್ರಮ ಬದಲಾಯಿಸಿದೆ. ಜಾಗ ತೋರಿಸುವುದನ್ನು ಗದ್ದೆಯಿಂದಲೇ ಶುರು ಮಾಡಿದೆ. ಗುಡ್ಡೆ ಹತ್ತುವ ಮೊದಲೇ ಅದು ಯಾರದ್ದು ಎಂದು ಹೇಳಿದೆ. ಒಂದೆರಡು ವ್ಯಾಪಾರ ಮುರಿದವು, ಹೆಚ್ಚಿನವು ಮುರಿಯಲಿಲ್ಲ. ಜನ ಬೆಲೆ ಸ್ವಲ್ಪ ಕಡಿಮೆ ಮಾಡಿ ಕೊಂಡರು, ದರ್ಖಾಸ್ತು ಕೊಟ್ಟು ಕಾದರು. ಇಷ್ಟು ಸುಲಭ ಇತ್ತು ಎಂದು ಪ್ರತಿ ಸಲವೂ ಗೊತ್ತಾಗುತ್ತಿತ್ತು.

ನಾಲ್ಕು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಚೇಟ ನನ್ನ ಬೆಂಚಿಗೆ ಬಂದರು. ಚೇಚಿಯ ಅಣ್ಣ, ಅದೇ ಮೊದಲು ಮಕ್ಕಳನ್ನು ಇಟ್ಟುಕೊಂಡಿದ್ದವರು, ಅವರ ಜೊತೆಗಿದ್ದರು. ಅವರಿಗೂ ಜಾಗ ಬೇಕಿತ್ತು. ಬೇರೆ ದಲ್ಲಾಳಿಗಳು ಕರೆದರೂ ಬಿಡದೆ ಇವರನ್ನು ನಿಮ್ಮ ಹತ್ತಿರವೇ ಕರೆತಂದೆ ಎಂದು ಚೇಟ ಹೆಮ್ಮೆಯಿಂದ ಹೇಳಿದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಕಡಬದ ಹತ್ತಿರ ಒಂದು ಒಳ್ಳೆಯ ಜಾಗ ಇತ್ತು, ಅದನ್ನು ತೋರಿಸಲು ಮೂವರೂ ಹೋದೆವು.

ಗದ್ದೆ, ಬಾವಿ ಎಲ್ಲ ನೋಡಿಯಾದ ಮೇಲೆ ಗುಡ್ಡೆಯ ಬುಡದಲ್ಲಿ ನಿಂತೆ. ನಾಲ್ಕು ವರ್ಷದ ರೂಢಿ, ನಾಲಿಗೆ ತಾನಾಗಿಯೇ ಹೊರಳಿತು. ಮಲಯಾಳದಲ್ಲಿ ಹೇಳಿದೆ, "ಈ ಗುಡ್ಡೆ ನಿಮ್ಮದಲ್ಲ, ಸರಕಾರದ್ದು. ಸೊಪ್ಪು ತೆಗೀಬಹುದು. ರಬ್ಬರು ನೆಟ್ಟರೆ ಕೀಳಿಸ್ತಾರೆ."

ಚೇಚಿಯ ಅಣ್ಣ ತಲೆ ಆಡಿಸಿದರು. ಹಾಗಾದರೆ ಬೆಲೆ ಕಡಿಮೆಯಾಗಬೇಕಲ್ಲ ಎಂದು ಕೂಡಲೇ ಕೇಳಿದರು. ಅವರಿಗೆ ಒಂದೇ ಸಲಕ್ಕೆ ಪೂರ್ತಿ ತಿಳಿದಿತ್ತು.

ನಾನು ಹೇಳಿದ ಮಾತನ್ನು ಚೇಟ ತುಟಿಯಲ್ಲೇ ಇನ್ನೊಮ್ಮೆ ಹೇಳಿಕೊಂಡದ್ದು ಕಂಡಿತು. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟೇಯಾ ಸಾರ್ ಆ ಮಾತು?" ಎಂದರು. "ಎಂಥ ಕಷ್ಟದ ಮಾತು ನನಗೆ ತಿಳಿಯದೆ ಹೋಯಿತೋ ಅಂತ ನಾನು ನಾಲ್ಕು ವರ್ಷದಿಂದ ಯೋಚಿಸ್ತಿದ್ದೆ. ಇದಾದರೆ ನನಗೆ ತಿಳೀತಿತ್ತು."

ಉತ್ತರಕ್ಕೆ ಅವರು ಕಾಯಲಿಲ್ಲ. ಹೆಗಲ ಮೇಲಿನ ತೋರ್ತು ತೆಗೆದು ಮುಖ ಒರೆಸಿಕೊಂಡರು, ಭಾವನ ಕೈ ಹಿಡಿದು ಗದ್ದೆಯ ಹುಣಿಗೆ ಇಳಿದರು. ನಾಲ್ಕು ಹೆಜ್ಜೆ ಹೋಗಿ ನಿಂತು ಹಿಂದೆ ತಿರುಗಿ, ಇಲ್ಲಿಯ ಶಾನುಭೋಗರ ಮನೆ ಎಲ್ಲಿ ಉಂಟು ಎಂದು ಕೇಳಿದರು. ಮಲಯಾಳದಲ್ಲಿ ಅಲ್ಲ, ಕನ್ನಡದಲ್ಲಿ. ನಾನು ನಿಂತಲ್ಲಿಂದಲೇ ಕೈ ಬೀಸಿ ದಾರಿ ತೋರಿಸಿದೆ.

ಅವರು ಕೂಡಲೇ ಆ ದಾರಿ ಹಿಡಿಯಲಿಲ್ಲ. ಗದ್ದೆಯಲ್ಲಿ ಸೊಪ್ಪು ಹೊರುತ್ತಿದ್ದ ಒಬ್ಬ ಹೆಂಗಸನ್ನು ನಿಲ್ಲಿಸಿ, ನಾನು ತೋರಿಸಿದ ದಾರಿ ಸರಿಯೇ ಎಂದು ಕೇಳಿ, ಆಮೇಲೆ ಹೋದರು.